ಜೋಗದ ಗುಂಡಿಯೂ ನಮ್ಮ ಮನೆಯ ಗುಂಡಿಯೂ

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಕೊಡಬೇಕೆಂಬ ಸೂಚನೆ ಫಲಕಕ್ಕೆ ಬಂದ ದಿನವೇ ಗೆಳತಿಯರು ತಮ್ಮ ತಮ್ಮ ವಿಷಯಗಳನ್ನು ಹಂಚಿಕೊಂಡುಬಿಟ್ಟರು. ಒಬ್ಬಳು ಕೆಳದಿಯ ಅರಸರನ್ನು ಹಿಡಿದಳು, ಇನ್ನೊಬ್ಬಳು ಮಲೆನಾಡಿನ ಮಳೆಯನ್ನು. ಮತ್ತೊಬ್ಬಳು, ವಾಡಿಕೆಯಂತೆ, ಜೋಗದ ಗುಂಡಿಯನ್ನು. ಸಾಗರ ಸೀಮೆಯ ಕಾಲೇಜೊಂದರ ಸಂಚಿಕೆಯಲ್ಲಿ ಜೋಗದ ಮೇಲೊಂದು ಲೇಖನವಿಲ್ಲದಿದ್ದರೆ ಅದು ಒಗ್ಗರಣೆಯಿಲ್ಲದ ಸಾರಿನಂತೆ ಎಂಬುದನ್ನು ನಾನೂ ಬಲ್ಲೆ. ನನ್ನ ಪಾಲಿಗೆ ಉಳಿದುದು ಇನ್ನೊಂದು ಗುಂಡಿ. ಅದು ತಾಳಗುಪ್ಪದಲ್ಲಿ, ನಮ್ಮ ಮನೆಯ ಹಿತ್ತಿಲಲ್ಲಿ, ಬಚ್ಚಲ ನೀರು ಹರಿಯುವ ಬಾಳೆಬುಡದ ಪಕ್ಕದಲ್ಲಿದೆ. ಎಂಟು ಅಡಿ ಆಳ. ಒಳಗೆ ಒಂದು ಜಿ.ಐ. ಪೈಪು, ಅದರ ಸುತ್ತ ಇದ್ದಿಲು ಮತ್ತು ಹರಳುಪ್ಪು. ಇದನ್ನು ನೋಡಲು ಯಾವ ಪ್ರವಾಸಿಯೂ ಬರುವುದಿಲ್ಲ. ಆದರೆ ಎರಡು ಗುಂಡಿಗಳಿಗೂ ಸಂಬಂಧವಿದೆ. ಅದನ್ನು ಹೇಳುವುದಕ್ಕಾಗಿಯೇ ಈ ಬರಹ.

ಸಂಗತಿ ಇಷ್ಟು. ನಮ್ಮಣ್ಣ ವಿದ್ಯುತ್ ಸ್ಕೂಟರ್ ಕೊಂಡ. ರಾತ್ರಿ ಮನೆಯಲ್ಲಿ ಅದನ್ನು ಚಾರ್ಜು ಮಾಡಲು ಗೋಡೆಯಲ್ಲೊಂದು ಪ್ಲಗ್ಗು ಬೇಕಾಯಿತು. ಆ ಒಂದು ಪ್ಲಗ್ಗಿಗೆ ಹದಿನಾಲ್ಕು ಸಾವಿರದ ಮುನ್ನೂರು ರೂಪಾಯಿ ಖರ್ಚಾಯಿತು. ಓದುಗರು ಅಂಕಿ ತಪ್ಪಾಗಿ ಅಚ್ಚಾಗಿದೆಯೆಂದು ಭಾವಿಸಬಾರದು. ನಮ್ಮಪ್ಪನೂ ಹಾಗೆಯೇ ಭಾವಿಸಿ, ಚೀಟಿಯನ್ನು ನನ್ನಿಂದ ಮೂರು ಸಲ ಓದಿಸಿದ.

ಅಣ್ಣನ ವಿಚಾರವಾಗಿ ಎರಡು ಮಾತು ಹೇಳಲೇಬೇಕು. ಅವನು ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ ಮನೆಯಲ್ಲಿ ಇಬ್ಬರನ್ನೂ ಓದಿಸುವ ಶಕ್ತಿಯಿರಲಿಲ್ಲ. ಅವನು ಬಿಟ್ಟ, ನಾನು ಮುಂದುವರಿದೆ. ನಮ್ಮ ಮನೆತನದಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ಅವನಾದರೋ ಬೇಕರಿಯಿಂದ ಬ್ರೆಡ್ಡು, ಬನ್ನು, ರಸ್ಕು, ಖಾರ ತಂದು ಹಳ್ಳಿಯ ಅಂಗಡಿಗಳಿಗೆ ಹಾಕುವ ಕೆಲಸ ಹಿಡಿದ. ತಾಳಗುಪ್ಪದಿಂದ ಹೊರಟು ಕಾರ್ಗಲ್ಲಿನವರೆಗೆ, ನಡುವೆ ಸಿಗುವ ಅಡ್ಡದಾರಿಗಳೆಲ್ಲ ಸೇರಿ ದಿನಕ್ಕೆ ಅರವತ್ತು ಕಿಲೋಮೀಟರು. ಎರಡು ಡಬ್ಬಗಳನ್ನು ಹೊತ್ತ ಹಳೆಯ ಮೊಪೆಡ್ಡು ಲೀಟರಿಗೆ ನಲವತ್ತೈದರ ಮೇಲೆ ಕೊಡುತ್ತಿರಲಿಲ್ಲ. 2024ರ ಜೂನ್ ತಿಂಗಳಲ್ಲಿ ರಾಜ್ಯದಲ್ಲಿ ಪೆಟ್ರೋಲಿನ ಮೇಲಿನ ತೆರಿಗೆ ಏರಿ ಲೀಟರಿನ ಬೆಲೆ ನೂರಾ ಎರಡು ರೂಪಾಯಿ ದಾಟಿದ ಮೇಲೆ, ತಿಂಗಳಿಗೆ ಮೂರೂವರೆ ಸಾವಿರ ರೂಪಾಯಿ ಹೊಗೆಯಾಗಿ ಹೋಗುತ್ತಿತ್ತು. ಬನ್ನಿನ ಮೇಲೆ ಸಿಗುವ ಲಾಭ ಪೈಸೆಗಳ ಲೆಕ್ಕದ್ದು. ಹೀಗಿರಲಾಗಿ ಅವನು ವಿದ್ಯುತ್ ಸ್ಕೂಟರಿನ ಕಡೆ ಮನಸ್ಸು ತಿರುಗಿಸಿದುದರಲ್ಲಿ ಆಶ್ಚರ್ಯವೇನಿಲ್ಲ. ಮೊಪೆಡ್ಡನ್ನು ಮಾರಿ ಬಂದ ಹಣವನ್ನು ಮುಂಗಡವಾಗಿ ಕಟ್ಟಿದ. ಉಳಿದುದಕ್ಕೆ ಮೂವತ್ತಾರು ಕಂತುಗಳ ಸಾಲ, ತಿಂಗಳಿಗೆ ಮೂರು ಸಾವಿರದ ನೂರೈವತ್ತು.

ಮಾರಿದ ಅಂಗಡಿಯಲ್ಲಿ ಹೇಳಿದ್ದು ಒಂದೇ ಮಾತು: "ಮನೇಲಿ ಮೂರು ಪಿನ್ನಿನ ಪ್ಲಗ್ ಇದ್ದರೆ ಸಾಕು, ಬೇರೇನೂ ಬೇಡ." ಮಾತು ಸುಳ್ಳಲ್ಲ. ಸ್ಕೂಟರಿನ ಜೊತೆಗೆ ಕೊಡುವ ಚಾರ್ಜರು ಎಳೆಯುವುದು ಹೆಚ್ಚೆಂದರೆ ಮುಕ್ಕಾಲು ಕಿಲೋವಾಟು, ಇಸ್ತ್ರಿಪೆಟ್ಟಿಗೆಗಿಂತ ಹೆಚ್ಚೇನಲ್ಲ. ಬೆಂಗಳೂರಿನಲ್ಲಿ ಕಾರಿಟ್ಟವರು ಗೋಡೆಗೆ ಹಾಕಿಸಿಕೊಳ್ಳುವ ಪೆಟ್ಟಿಗೆಯಾದರೆ ಏಳು ಕಿಲೋವಾಟಿನ ಮೇಲೆ ಎಳೆಯುತ್ತದೆ, ಮೂವತ್ತೆರಡು ಆಂಪಿಯರಿನ ತಂತಿ ಬೇಡುತ್ತದೆ. ನಮ್ಮದು ಅದರ ಹತ್ತನೆಯ ಒಂದು ಪಾಲು. ಅಂಗಡಿಯವರ ಮನಸ್ಸಿನಲ್ಲಿದ್ದುದು ಒಂದು ಮನೆ; ಆ ಮನೆಯಲ್ಲಿ ಮೂರು ಪಿನ್ನಿನ ಮೂರನೆಯ ತೂತಿನ ಹಿಂದೆಯೂ ಒಂದು ತಂತಿಯಿರುತ್ತದೆ. ನಮ್ಮ ಮನೆಯಲ್ಲಿ ಆ ತೂತು ಇತ್ತು, ತಂತಿ ಇರಲಿಲ್ಲ.

ಮೊದಲ ರಾತ್ರಿ ಅಡಿಗೆಮನೆಯ ಪ್ಲಗ್ಗಿನಿಂದ ಉದ್ದದ ವೈರು ಎಳೆದು ಚಾರ್ಜರನ್ನು ಸಿಕ್ಕಿಸಿದಾಗ ಅದರ ಮೇಲೆ ಕೆಂಪು ದೀಪ ಹತ್ತಿತು. ತೆಗೆದು ಮತ್ತೆ ಹಾಕಿದರೂ ಕೆಂಪೇ. ಮರುದಿನ ಊರಿನ ಎಲೆಕ್ಟ್ರಿಷಿಯನ್ನರು ಬಂದು, ಟೆಸ್ಟರು ಹಿಡಿದು, ಬೋರ್ಡಿನ ಮುಚ್ಚಳ ಬಿಚ್ಚಿ, ಬಹಳ ಹೊತ್ತು ಸುಮ್ಮನೆ ನಿಂತರು. ಆಮೇಲೆ, "ಇದು ಭಾಗ್ಯಜ್ಯೋತಿ ಕಾಲದ್ದಲ್ವಾ?" ಎಂದು ಕೇಳಿದರು. ಹೌದು, ಅದು ಭಾಗ್ಯಜ್ಯೋತಿಯ ಕಾಲದ್ದೇ.

ಭಾಗ್ಯಜ್ಯೋತಿಯೆಂದರೆ ಈಗಿನ ಗೆಳತಿಯರಿಗೆ ತಿಳಿಯದಿರಬಹುದು. ಬಡವರ ಮನೆಗೆ ಒಂದು ದೀಪವನ್ನು ಸರಕಾರವೇ ಹಾಕಿಸಿಕೊಡುತ್ತಿದ್ದ ಯೋಜನೆ ಅದು. ಕಂಬದಿಂದ ಎರಡು ತಂತಿ, ಒಂದು ಹೋಲ್ಡರು, ನಲವತ್ತು ವ್ಯಾಟಿನ ಒಂದು ಬಲ್ಬು. ನಮ್ಮಪ್ಪ ಹುಡುಗನಾಗಿದ್ದಾಗ ಅದು ಮನೆಗೆ ಬಂದಿತಂತೆ. ಅಲ್ಲಿಂದ ಮುಂದೆ ನಲವತ್ತು ವರ್ಷಗಳಲ್ಲಿ ಟಿ.ವಿ. ಬಂತು, ಮಿಕ್ಸಿ ಬಂತು, ಮೀಟರು ಬದಲಾಯಿತು, ಒಂದು ಕಿಲೋವಾಟಿನ ಸಾಮಾನ್ಯ ಸಂಪರ್ಕವಾಯಿತು. ಆದರೆ ಒಂದೊಂದು ವಸ್ತು ಬಂದಾಗಲೂ ಆ ಮೊದಲಿನ ಎರಡು ತಂತಿಗಳಿಗೇ ಇನ್ನೆರಡು ಗಂಟು ಹಾಕಿಕೊಂಡು ಬಂದರು. ಹಳೆಯ ಕಂಬಳಿಗೆ ತೇಪೆ ಹಚ್ಚಿದ ಹಾಗೆ. ಮಳೆಗಾಲದಲ್ಲಿ ಗೋಡೆ ಒದ್ದೆಯಾದಾಗ ಮಿಕ್ಸಿ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಅಮ್ಮ ಅದಕ್ಕೊಂದು ಉಪಾಯ ಕಂಡುಕೊಂಡಿದ್ದಳು: ಊಟದ ಮಣೆಯನ್ನು ನೆಲಕ್ಕೆ ಹಾಕಿ, ಅದರ ಮೇಲೆ ನಿಂತು ಚಟ್ನಿ ಅರೆಯುವುದು. ನಾನು ಚಿಕ್ಕವಳಿದ್ದಾಗ ಮಿಕ್ಸಿಯನ್ನು ಹಾಗೆಯೇ ಹಾಕಬೇಕೆಂದು, ಅದೊಂದು ಮಡಿಯೆಂದು ತಿಳಿದಿದ್ದೆ.

ಈಗ ಮೊದಲನೆಯ ಗುಂಡಿಯ ವಿಚಾರಕ್ಕೆ ಬರುತ್ತೇನೆ. ತಾಳಗುಪ್ಪ ರೈಲು ಹಳಿ ಮುಗಿಯುವ ಊರು; ಇಲ್ಲಿಂದ ಜೋಗ ಹದಿನೈದು ಕಿಲೋಮೀಟರಿನ ಆಸುಪಾಸು. 1948ರಲ್ಲಿ ಜೋಗದ ವಿದ್ಯುದಾಗಾರ ಕೆಲಸ ಆರಂಭಿಸಿತು. ಅದಕ್ಕೆ ಮಹಾತ್ಮಾ ಗಾಂಧಿಯವರ ಹೆಸರಿದೆ. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಕೆಳಗೆ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳು ಸೇರಿ 1035 ಮೆಗಾವ್ಯಾಟು. ಬೆಂಗಳೂರಿನ ಕಾರ್ಖಾನೆಗಳು ನಡೆದುದು, ಬೀದಿದೀಪಗಳು ಉರಿದುದು ಬಹುಕಾಲ ಈ ನೀರಿನಿಂದಲೇ ಎಂಬುದನ್ನು ಅರ್ಥಶಾಸ್ತ್ರದ ತರಗತಿಯಲ್ಲಿ ನಾವೆಲ್ಲರೂ ಬರೆದುಕೊಂಡಿದ್ದೇವೆ. ಬರೆದುಕೊಳ್ಳದ ಭಾಗವನ್ನು ನನಗೆ ಹೇಳಿದವಳು ನಮ್ಮಜ್ಜಿ. ಅವಳ ತವರು ಈಗ ಲಿಂಗನಮಕ್ಕಿಯ ಹಿನ್ನೀರಿನ ತಳದಲ್ಲಿದೆ. ಹತ್ತು ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗ ಪಾತ್ರೆ ಪಗಡಿ, ಎರಡು ದನ, ಒಂದು ಒನಕೆಯ ಜೊತೆಗೆ ಲಾರಿಯಲ್ಲಿ ಕುಳಿತು ಬಂದವಳು ಅವಳು. ಒನಕೆ ಇನ್ನೂ ಇದೆ. ಅವಳು ಮುಳುಗಿದ ಊರಿನ ಬಗ್ಗೆ ಕಣ್ಣೀರಿಟ್ಟು ಮಾತಾಡುವವಳಲ್ಲ. ಗದ್ದೆಗಳ ಹೆಸರು ಹೇಳುತ್ತಾಳೆ, ಯಾವ ಗದ್ದೆಗೆ ಎಷ್ಟು ಬೀಜ ಎಂದು ಹೇಳುತ್ತಾಳೆ, ಅಷ್ಟೇ. ಆ ನೀರಿನ ದೀಪ ಇವಳ ಮನೆಗೆ ಬರುವ ಹೊತ್ತಿಗೆ ಇವಳು ಮಕ್ಕಳ ತಾಯಿಯಾಗಿದ್ದಳು. ಬಂದದ್ದು ನಲವತ್ತು ವ್ಯಾಟು. ಅಣ್ಣನ ಚಾರ್ಜರು ಎಳೆಯುವ ವಿದ್ಯುತ್ತಿನಲ್ಲಿ ಅಂಥ ಹದಿನೆಂಟು ಬಲ್ಬುಗಳನ್ನು ಉರಿಸಬಹುದೆಂದು ನಾನು ಲೆಕ್ಕ ಹಾಕಿ ಹೇಳಿದಾಗ ಅಜ್ಜಿ, "ನಮ್ಮ ಗದ್ದೆ ಮುಳುಗ್ಸಿ ಮಾಡಿದ ಕರೆಂಟು ಅಲ್ಲನೇ ಅದು? ಅದಕ್ಕೆ ನಾವೇ ಮತ್ತೆ ಗುಂಡಿ ಹೊಡೀಬೇಕಾ?" ಎಂದಳು. ಅರ್ಥಶಾಸ್ತ್ರದಲ್ಲಿ ಇದಕ್ಕೆ ಉತ್ತರವಿದೆಯೋ ಇಲ್ಲವೋ, ನನ್ನ ಟಿಪ್ಪಣಿ ಪುಸ್ತಕದಲ್ಲಂತೂ ಇರಲಿಲ್ಲ.

ಗುಂಡಿ ಹೊಡೆದೆವು. ಅಪ್ಪ ಗಾರೆ ಕೆಲಸದವನು; ಗುದ್ದಲಿ ಹಾರೆ ಮನೆಯಲ್ಲೇ ಇದ್ದುವು. ಎರಡು ದಿನ ಬೆಳಗಿನ ಹೊತ್ತು ತಾನೇ ತೋಡಿದ. ಅವನ ಕೂಲಿಯನ್ನು ಮೇಲಿನ ಮೊತ್ತಕ್ಕೆ ಸೇರಿಸಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ನಮ್ಮ ಕಡೆಯ ನೆಲ ಜಂಬಿಟ್ಟಿಗೆಯದು. ಮಳೆಗಾಲದಲ್ಲಿ ನೀರು ಕುಡಿದು ಕೆಸರಾಗಿರುತ್ತದೆ, ಬೇಸಗೆಯಲ್ಲಿ ಒಣಗಿ ಇಟ್ಟಿಗೆಯಾಗುತ್ತದೆ. ಒಣಗಿದ ಜಂಬಿಟ್ಟಿಗೆ ವಿದ್ಯುತ್ತನ್ನು ಸುಲಭವಾಗಿ ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲವಂತೆ. ಆದ್ದರಿಂದಲೇ ಅಷ್ಟು ಆಳ, ಅದಕ್ಕೇ ಇದ್ದಿಲು, ಉಪ್ಪು, ಮತ್ತು ಬೇಸಗೆಯಲ್ಲಿ ಆಗಾಗ ಒಂದು ಕೊಡ ನೀರು. ನೀರಿನ ಕೆಲಸವನ್ನು ಅಜ್ಜಿ ತಾನಾಗಿಯೇ ವಹಿಸಿಕೊಂಡಳು. ತುಳಸಿಗೆ ಹೊಯ್ದು ಉಳಿದ ಚೊಂಬಿನ ನೀರನ್ನು ಈಗ ಕರೆಂಟಿನ ಗುಂಡಿಗೂ ಹೊಯ್ಯುತ್ತಾಳೆ.

ಪೈಪು, ಇದ್ದಿಲು, ಉಪ್ಪು, ಅರ್ತಿನ ಪಟ್ಟಿ ಸೇರಿ ಎರಡು ಸಾವಿರದ ಇನ್ನೂರಾಯಿತು. ಮೀಟರಿನಿಂದ ಜಗಲಿಯವರೆಗೆ ಹೊಸ ತಾಮ್ರದ ತಂತಿಗೆ ಮೂರು ಸಾವಿರದ ನಾನೂರು. ಈ ಸ್ಕೂಟರಿಗೆ ಸಣ್ಣ ತಂತಿಯೇ ಸಾಕಿತ್ತು, "ಗೋಡೆ ಒಡೆಯೋದು ಒಂದೇ ಸಲ, ದಪ್ಪದ್ದೇ ಹಾಕ್ಸಿ, ನಾಳೆ ಕಾರು ಬಂದರೆ?" ಎಂದು ಎಲೆಕ್ಟ್ರಿಷಿಯನ್ನರು ಹೇಳಿದಾಗ ಅಪ್ಪ ಬಹಳ ದಿನಗಳ ಮೇಲೆ ಬಾಯಿತುಂಬ ನಕ್ಕ. ನಕ್ಕು, ದಪ್ಪ ತಂತಿಯನ್ನೇ ಹಾಕಿಸಿದ. ಹದಿನಾರು ಆಂಪಿಯರಿನ ಪ್ಲಗ್ಗು ಪೆಟ್ಟಿಗೆ ಸಹಿತ ಸಾವಿರದ ನೂರು. ಹೊಸ ಬೋರ್ಡಿನ ಡಬ್ಬಿ ಆರುನೂರು. ಅದರೊಳಗೆ ಕೂರುವ ಆರ್.ಸಿ.ಸಿ.ಬಿ. ಎಂಬ ಸಣ್ಣ ಯಂತ್ರಕ್ಕೆ ಸಾವಿರದ ಒಂಬೈನೂರು. ಈ ಯಂತ್ರದ ಗುಣವನ್ನು ನಾನು ಮೆಚ್ಚಿಕೊಂಡಿದ್ದೇನೆ. ಒಂದು ತಂತಿಯಲ್ಲಿ ಹೋದ ವಿದ್ಯುತ್ತು ಇನ್ನೊಂದರಲ್ಲಿ ಹೋದಷ್ಟೇ ಹಿಂದಿರುಗಬೇಕು. ಮೂವತ್ತು ಮಿಲಿಆಂಪಿಯರಿನಷ್ಟು ಎಲ್ಲಿಯಾದರೂ, ಎಂದರೆ ಒದ್ದೆ ಗೋಡೆಗೋ ಮನುಷ್ಯನ ಮೈಗೋ, ಸೋರಿಹೋದರೆ ಕಣ್ಣು ಮಿಟುಕಿಸುವುದರೊಳಗೆ ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ಸೊಸೈಟಿಗೆ ಬರುವ ಯಾವ ಆಡಿಟರೂ ಇಷ್ಟು ಕಟ್ಟುನಿಟ್ಟಲ್ಲ. ಕೂಲಿ ಎರಡೂವರೆ ಸಾವಿರ. ಕೊನೆಯದಾಗಿ, ಇನ್ನೊಂದು ಕಿಲೋವಾಟು ಹೆಚ್ಚುವರಿ ಲೋಡು ಬೇಕೆಂಬ ಅರ್ಜಿ, ಠೇವಣಿ, ಪರವಾನಗಿಯುಳ್ಳ ಗುತ್ತಿಗೆದಾರರ ವರದಿ, ಓಡಾಟ ಇವಕ್ಕೆಲ್ಲ ಎರಡು ಸಾವಿರದ ಆರುನೂರು. ಅರ್ಜಿಯನ್ನು ತುಂಬಿದವಳು ನಾನು. ಮೂರು ವರ್ಷ ಬಿ.ಎ. ಓದಿದ ಮೇಲೆ ಮನೆಯವರು ನನ್ನ ವಿದ್ಯೆಯನ್ನು ಕಣ್ಣಾರೆ ಕಂಡುದು ಅಂದೇ ಎಂದರೆ ಅತಿಶಯೋಕ್ತಿಯಾಗಲಾರದು.

ಅಣ್ಣ ಸ್ಕೂಟರು ಕೊಂಡಾಗ ವಾಹನ ಕೊಳ್ಳುವವರಿಗೆ ಕೇಂದ್ರ ಸರಕಾರದ ಸಹಾಯಧನವಿತ್ತು. ಮೊದಲು ಫೇಮ್ ಯೋಜನೆಯಿತ್ತು, 2024ರ ಅಕ್ಟೋಬರಿನಿಂದ ಪಿ.ಎಂ. ಇ-ಡ್ರೈವ್ ಬಂದಿತು. ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿಗೂ ಅದರಲ್ಲಿ ಹಣವಿಟ್ಟಿದ್ದಾರೆ. ಬಡವನ ಜಗಲಿಯ ಪ್ಲಗ್ಗಿಗೆ, ಅದರ ಹಿಂದಿನ ಮೂರನೆಯ ತಂತಿಗೆ, ಅದರ ತುದಿಯ ಗುಂಡಿಗೆ ಇಲ್ಲ. ಸ್ಕೂಟರಿನ ಬೆಲೆಯಲ್ಲಿ ಕಳೆದುಕೊಟ್ಟದ್ದನ್ನು ಗೋಡೆ ವಸೂಲು ಮಾಡಿಬಿಡುತ್ತದೆ. ಮನೆ ಹೊಸದಾಗಿ ಕಟ್ಟಿದವರಿಗೆ ಈ ಖರ್ಚು ಕಾಣುವುದೇ ಇಲ್ಲ, ಏಕೆಂದರೆ ಅವರು ಅದನ್ನು ಆಗಲೇ ಕೊಟ್ಟಿರುತ್ತಾರೆ. ಹಳೆಯ ಮನೆಯವನು ಮಾತ್ರ ನಲವತ್ತು ವರ್ಷದ ಬಾಕಿಯನ್ನು ಒಂದೇ ಸಲ, ಅದೂ ಸ್ಕೂಟರಿನ ಹೆಸರಿನಲ್ಲಿ, ತೆರಬೇಕು. ನನಗೆ ಇದು ಸರಿಯೆಂದು ತೋರುವುದಿಲ್ಲ.

ಹಣದ ಪ್ರಶ್ನೆ ಬಂದಾಗ ಮನೆಯಲ್ಲಿ ಒಂದು ವಾರ ಮೌನವಿತ್ತು. ಮನೆಯಲ್ಲಿದ್ದ ಗಂಟು ಒಂದೇ: ಮುಂದೆ ಶಂಕರಘಟ್ಟದಲ್ಲಿ ಎಂ.ಎ.ಗೆ ಸೇರಿಸುವುದಕ್ಕೆಂದು ಅಣ್ಣ ನನ್ನ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ಇಟ್ಟಿದ್ದ ಹದಿನೈದು ಸಾವಿರ. ನಾನಾಗಿಯೇ ಅದನ್ನು ತೆಗೆಯೋಣವೆಂದೆ. ಅಣ್ಣ ಊಟದ ತಟ್ಟೆ ಬಿಟ್ಟು ಎದ್ದುಹೋದ. ಆಮೇಲೆ ಅದರ ಮಾತು ಯಾರೂ ಎತ್ತಲಿಲ್ಲ. ಅಮ್ಮನಿಗೆ ಗೃಹಲಕ್ಷ್ಮಿಯ ಎರಡೆರಡು ಸಾವಿರ ಬರುತ್ತಿದ್ದುದನ್ನು ಅವಳು ಖರ್ಚು ಮಾಡದೆ ಬ್ಯಾಂಕಿನಲ್ಲಿ ಬಿಟ್ಟಿದ್ದಳು. ಏಕೆಂದು ನನಗೆ ಗೊತ್ತಿತ್ತು. ನಾನು ಪದವಿಗೆ ಸೇರುವ ವರ್ಷ ಅವಳ ಬೆಂಡೋಲೆ ಅಡವಿಗೆ ಹೋಗಿತ್ತು. ಅದನ್ನು ಬಿಡಿಸಿಕೊಳ್ಳಲೆಂದೇ ಆ ಹಣ. ಒಂದು ದಿನ ಬೆಳಗ್ಗೆ ಪಾಸ್‌ಬುಕ್ಕನ್ನು ಅಣ್ಣನ ಬನ್ನಿನ ಡಬ್ಬದ ಮೇಲಿಟ್ಟು, "ಕಿವಿ ಹೆಂಗೂ ಬರಿದೇ ಅಭ್ಯಾಸ ಆಗಿದೆ" ಎಂದು ಹೇಳಿ ಕೊಟ್ಟಿಗೆಗೆ ಹೋದಳು. ಏಳು ಕಂತು, ಹದಿನಾಲ್ಕು ಸಾವಿರ. ಮೇಲಿನ ಮುನ್ನೂರನ್ನು ನನ್ನ ವಿದ್ಯಾರ್ಥಿವೇತನದಿಂದ ಕೊಟ್ಟೆ. ಅಷ್ಟಕ್ಕೆ ಅಣ್ಣ ಬೇಡವೆನ್ನಲಿಲ್ಲ.

ಇನ್ನು ಗೃಹಜ್ಯೋತಿಯ ಕಥೆ. 2023ರಲ್ಲಿ ಈ ಯೋಜನೆ ಬಂದ ಮೇಲೆ ನಮಗೆ ಬರುತ್ತಿದ್ದುದು ಸೊನ್ನೆ ರೂಪಾಯಿಯ ಬಿಲ್ಲು. ಅಮ್ಮ ಆ ಬಿಲ್ಲುಗಳನ್ನು ದೇವರ ಗೂಡಿನ ಪಕ್ಕದ ಮೊಳೆಗೆ ಚುಚ್ಚಿಡುತ್ತಿದ್ದಳು. ಇನ್ನೂರು ಯೂನಿಟ್ಟು ಉಚಿತವೆಂದು ಜನ ಹೇಳುವುದುಂಟು; ಅದು ಪೂರ್ತಿ ನಿಜವಲ್ಲ. 2022–23ರ ಸಾಲಿನಲ್ಲಿ ಆ ಮನೆ ಬಳಸಿದ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ಪ್ರತಿ ಮನೆಗೂ ಒಂದು ಮಿತಿ ಹಾಕಿದ್ದಾರೆ. ನಮ್ಮದು ನಲವತ್ತನಾಲ್ಕು ಯೂನಿಟ್ಟಿನ ಮನೆ. ಹತ್ತು ಸೇರಿ ಐವತ್ತನಾಲ್ಕು. ಮಿತಿ ದಾಟಿದಷ್ಟಕ್ಕೆ ಹಣ ಕೊಡಬೇಕು. ಇನ್ನೂರನ್ನೂ ದಾಟಿದರೆ ಬಿಲ್ಲು ಪೂರ್ತಿ ನಮ್ಮದೇ. ಸ್ಕೂಟರು ದಿನಕ್ಕೆ ಎರಡೂವರೆ ಯೂನಿಟ್ಟು ತಿನ್ನುತ್ತದೆ, ತಿಂಗಳಿಗೆ ಅರವತ್ತೈದು. ಹೆಚ್ಚು ಉಳಿಸಿ ಬಾಳಿದ ಮನೆಗೆ ಕಡಿಮೆ ಮಿತಿ, ಧಾರಾಳವಾಗಿ ಉರಿಸಿದ ಮನೆಗೆ ಹೆಚ್ಚು ಮಿತಿ ಎಂಬ ಈ ನ್ಯಾಯವನ್ನು ನಮ್ಮ ಅಧ್ಯಾಪಕರು ಯಾರಾದರೂ ನನಗೆ ಬಿಡಿಸಿ ಹೇಳಿದರೆ ಕೃತಜ್ಞಳಾಗಿರುತ್ತೇನೆ. 2025ರ ಏಪ್ರಿಲಿನಿಂದ ಜಾರಿಗೆ ಬಂದ ದರ ಯೂನಿಟ್ಟಿಗೆ ಐದು ರೂಪಾಯಿ ಎಂಬತ್ತು ಪೈಸೆ. ಸರ್ಚಾರ್ಜು, ತೆರಿಗೆ ಸೇರಿ ಮೊದಲ ತಿಂಗಳು ಮುನ್ನೂರ ಎಪ್ಪತ್ತರ ಬಿಲ್ಲು ಬಂತು. ಗೃಹಲಕ್ಷ್ಮಿಯ ಹಣ ಹಾಕಿ ಗೃಹಜ್ಯೋತಿಯ ಸೊನ್ನೆಯನ್ನು ಕಳೆದುಕೊಂಡೆವು ಎಂದು ನಾನು ಹಾಸ್ಯ ಮಾಡಿದೆ. ಅಮ್ಮ ನಗಲಿಲ್ಲ. ಆ ಬಿಲ್ಲು ಮೊಳೆಗೆ ಏರಲಿಲ್ಲ.

ಲೆಕ್ಕ ಬಲ್ಲವರು ಈಗ ಕೇಳಬಹುದು: ಇದರಿಂದ ಲಾಭವೇನು? ನಾನೂ ಒಂದು ಹಾಳೆಯಲ್ಲಿ ಗೆರೆ ಎಳೆದು ನೋಡಿದೆ. ಪೆಟ್ರೋಲಿನ ಮೂರೂವರೆ ಸಾವಿರ ಉಳಿಯಿತು. ಅದರಲ್ಲಿ ಬಿಲ್ಲು ಮುನ್ನೂರ ಎಪ್ಪತ್ತು ಹೋಯಿತು, ಕಂತು ಮೂರು ಸಾವಿರದ ನೂರೈವತ್ತು ಹೋಯಿತು. ಉಳಿದದ್ದು ಇಪ್ಪತ್ತು ರೂಪಾಯಿ ಕೊರತೆ. ಆಯಿಲ್ಲು, ರಿಪೇರಿ ಎಂದು ಹಳೆಯ ಮೊಪೆಡ್ಡು ನುಂಗುತ್ತಿದ್ದ ನಾನೂರು ರೂಪಾಯಿ ತಪ್ಪಿತು ಎಂದು ಸೇರಿಸಿದರೆ ತಿಂಗಳಿಗೆ ಮುನ್ನೂರ ಎಂಬತ್ತು. ಹಾಗಾದರೆ ಪ್ಲಗ್ಗಿನ ಹದಿನಾಲ್ಕು ಸಾವಿರದ ಮುನ್ನೂರು ತೀರಲು ಮೂರು ವರ್ಷದ ಮೇಲೆ ಬೇಕು. ಅಷ್ಟರಲ್ಲಿ ಸಾಲದ ಕಂತೂ ಮುಗಿಯುತ್ತದೆ. ಆದರೆ ಬ್ಯಾಟರಿಯ ಖಾತರಿಗೆ ವರ್ಷದ ಮಿತಿಯ ಜೊತೆಗೆ ಕಿಲೋಮೀಟರಿನ ಮಿತಿಯೂ ಉಂಟು. ಅಣ್ಣ ವರ್ಷಕ್ಕೆ ಹದಿನೆಂಟು ಸಾವಿರದ ಮೇಲೆ ಓಡಿಸುವವನು. ಅವನಿಗೆ ವರ್ಷಕ್ಕಿಂತ ಮೊದಲು ಕಿಲೋಮೀಟರೇ ಮುಗಿಯುವ ಸಂಭವ ಹೆಚ್ಚು. ಹಾಳೆಯನ್ನು ಅವನಿಗೆ ತೋರಿಸಿದೆ. ಅವನು ನಿಧಾನವಾಗಿ ಎಲ್ಲವನ್ನೂ ಓದಿ, "ಆದ್ರೆ ತಿಂಗಳ ಕೊನೇಲಿ ಬಂಕಿನಲ್ಲಿ ಐವತ್ತು ರೂಪಾಯಿಂದು ಹಾಕಿ ಅಂತ ಕೇಳೋದು ತಪ್ತಲ್ಲ" ಎಂದ. ಅದಕ್ಕೆ ನನ್ನ ಹಾಳೆಯಲ್ಲಿ ಕಾಲಮ್ಮು ಇರಲಿಲ್ಲ.

ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋದರೆ ನಮ್ಮ ಕಡೆ ಎರಡು ದಿನ ಕತ್ತಲೆ ಸಾಮಾನ್ಯ. ಆಗ ಸ್ಕೂಟರು ನಿಂತಲ್ಲೇ ನಿಲ್ಲುತ್ತದೆ, ಬನ್ನು ಹಳಸುತ್ತದೆ. ಅದಕ್ಕಾಗಿ ಕರೆಂಟು ಇದ್ದಾಗ ಇದ್ದಷ್ಟು ತುಂಬಿಸಿಕೊಳ್ಳುವುದನ್ನು ಅಣ್ಣ ಕಲಿತಿದ್ದಾನೆ. ಶರಾವತಿಯಲ್ಲೂ ಈಗ ಇಂಥದೇ ಒಂದು ಯೋಜನೆಯ ಮಾತಿದೆ: ವಿದ್ಯುತ್ತು ಮಿಕ್ಕ ಹೊತ್ತಿನಲ್ಲಿ ಗೇರುಸೊಪ್ಪದ ಜಲಾಶ­ಯದ ನೀರನ್ನು ಮೇಲಿನ ತಲಕಳಲೆಗೆ ಎತ್ತಿ, ಬೇಕಾದ ಹೊತ್ತಿನಲ್ಲಿ ಕೆಳಕ್ಕೆ ಬಿಟ್ಟು ಎರಡು ಸಾವಿರ ಮೆಗಾವ್ಯಾಟು ಪಡೆಯುವುದು. ಎಂದರೆ ನದಿಯನ್ನೇ ಚಾರ್ಜು ಮಾಡುವುದು. ಕಾಡು ಹೋಗುತ್ತದೆ, ಸಿಂಗಳೀಕಗಳ ನೆಲೆ ಹೋಗುತ್ತದೆಯೆಂದು ವಿರೋಧವೂ ಬಲವಾಗಿದೆ. ಆ ಖರ್ಚಿನ ಚೀಟಿಯಲ್ಲಿ ಯಾರ ಕೂಲಿಯನ್ನು ಸೇರಿಸದೆ ಬಿಟ್ಟಿರುತ್ತಾರೋ ಎಂಬ ಯೋಚನೆ, ಅಪ್ಪ ಗುಂಡಿ ತೋಡುವುದನ್ನು ಕಂಡ ಮೇಲೆ, ನನಗೆ ಬಾರದಿರುವುದಿಲ್ಲ.

ಪ್ಲಗ್ಗು ಹಾಕಿ ಈಗ ನಾಲ್ಕು ತಿಂಗಳಾಯಿತು. ಚಾರ್ಜರಿನ ಮೇಲೆ ಹಸಿರು ದೀಪ ಉರಿಯುತ್ತದೆ. ಎಲೆಕ್ಟ್ರಿಷಿಯನ್ನರು ಹೋಗುವ ಮೊದಲು ಅಡಿಗೆಮನೆಯ ಬೋರ್ಡಿಗೂ ಆ ಮೂರನೆಯ ತಂತಿಯ ಒಂದು ಕವಲು ಎಳೆದುಕೊಟ್ಟಿದ್ದರು. ಅದಕ್ಕೆ ಬೇರೆ ಹಣ ತೆಗೆದುಕೊಳ್ಳಲಿಲ್ಲ. ಈ ಸಲದ ಮಳೆಯಲ್ಲಿ ಮಿಕ್ಸಿ ಜುಮ್ಮೆನ್ನಲಿಲ್ಲ. ಮಣೆ ಊಟಕ್ಕೆ ವಾಪಸಾಯಿತು.

ಖರ್ಚಿನ ಪಟ್ಟಿಯನ್ನು ನಾನು ಚೊಕ್ಕಟವಾಗಿ ಒಂದು ಹಾಳೆಗೆ ಇಳಿಸಿಟ್ಟಿದ್ದೆ. ಕೇರಿಯಲ್ಲಿ ಸುದ್ದಿ ಹಬ್ಬಿ, ವಿದ್ಯುತ್ ಸ್ಕೂಟರು ಕೊಳ್ಳುವ ಯೋಚನೆಯಿದ್ದ ಮೂವರು ಅದನ್ನು ನಕಲು ಮಾಡಿಸಿಕೊಂಡು ಹೋದರು. ಕಳೆದ ಭಾನುವಾರ ಪಕ್ಕದ ಮನೆಯ ಅತ್ತೆ ಬಂದರು. ಅವರ ಮನೆಯದೂ ನಮ್ಮ ಕಾಲದ ಎರಡು ತಂತಿಯ ಸಂಪರ್ಕವೇ. ಪಟ್ಟಿಯನ್ನು ಓದಿಸಿ ಕೇಳಿ, "ನಮಗೆ ಸ್ಕೂಟ್ರು ಗೀಟ್ರು ಬೇಡ ಮಾರಾಯ್ತಿ, ಆ ಗುಂಡಿದಷ್ಟೇ ಬರ್ಕೊಡು" ಎಂದರು. ಎರಡು ಸಾವಿರದ ಇನ್ನೂರು ಎಂದು ಬರೆದುಕೊಟ್ಟೆ. ತೋಡುವುದಕ್ಕೆ ಅಪ್ಪ ಬರುತ್ತೇನೆಂದಿದ್ದಾನೆ.